ರಬ್ಬರ್ ಉಂಗುರ ನಿಂತ ಜಾಗ

"ನೀವು ಹತ್ತೋದು ಜಾಸ್ತಿನಾ ಸಾರ್, ಇಳಿಯೋದು ಜಾಸ್ತಿನಾ?"

ಬೆಂಗಳೂರಿನ ಸೈಕಲ್ ಅಂಗಡಿಯವನು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಅದು. ನರೆತ ಗಡ್ಡ, ಎರಡೂ ಮೊಣಕಾಲುಗಳ ಮೇಲೆ ಹಳೆಯ ಗಾಯದ ಕಲೆ. ಬಿದ್ದು ಎದ್ದು ಕಲಿತವನೆಂದು ನೋಡಿದರೇ ಗೊತ್ತಾಗುತ್ತಿತ್ತು.

"ಹತ್ತುತೀನಿ. ಇಳಿಯಲ್ಲ" ಎಂದೆ.

"ಅಂದ್ರೆ?"

"ನಡ್ಕೊಂಡು ಇಳೀತೀನಿ. ಸೈಕಲ್ ತಳ್ಕೊಂಡು."

ಅವನು ನನ್ನನ್ನೊಮ್ಮೆ, ನಾನು ಕೈಯಿಟ್ಟುಕೊಂಡಿದ್ದ ಸೈಕಲ್ಲನ್ನೊಮ್ಮೆ ನೋಡಿದ. "ಹಂಗಾದ್ರೆ ನಿಮಗೆ ಫುಲ್ ಸಸ್ಪೆನ್ಷನ್ ಯಾಕೆ ಸಾರ್?"

ಸರಿಯಾದ ಪ್ರಶ್ನೆ. ಸರಿಯಾದ ಪ್ರಶ್ನೆ ಕೇಳಿದವರ ಮೇಲೆ ರೇಗುವುದು ನನ್ನ ಹುಟ್ಟುಗುಣ. "ಕೇಳಿದ್ದನ್ನ ತೋರ್ಸಪ್ಪ, ನನ್ನ ಜಾತಕ ಆಮೇಲೆ ನೋಡುವಿಯಂತೆ" ಎಂದೆ. ಪಾಪ, ಅವನು ಮುಖ ಕೆಡಿಸಿಕೊಳ್ಳದೆ ತೋರಿಸಿದ.

ಫುಲ್ ಸಸ್ಪೆನ್ಷನ್ ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಾಕ್ ಇರುವ ಸೈಕಲ್. ಕಲ್ಲುಬಂಡೆಯ ಮೇಲೆ ಇಳಿಯುವಾಗ ಆ ಶಾಕ್ ಕುಗ್ಗಿ ಏಟನ್ನು ನುಂಗಿಕೊಳ್ಳುತ್ತದೆ. ಹತ್ತುವಾಗ ಮಾತ್ರ ಅದೇ ಶಾಕ್ ಶನಿ ಕಾಟ. ತುಳಿದಾಗಲೆಲ್ಲ ಸೀಟು ಮೇಲಕ್ಕೂ ಕೆಳಕ್ಕೂ ಆಡಿ ಕಾಲಿನ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ. ಹತ್ತುವುದಕ್ಕೂ ಇಳಿಯುವುದಕ್ಕೂ ಒಂದೇ ಸೈಕಲ್ ಸಾಕು ಅನ್ನುವವನು ಅದರಲ್ಲಿ ಸ್ವಲ್ಪ, ಇದರಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಹಿಂದಿನ ಚಕ್ರ ಎಷ್ಟು ಮೇಲೇಳಬೇಕು, ನೂರಿಪ್ಪತ್ತು ಮಿಲಿಮೀಟರೋ ನೂರೈವತ್ತೋ. ಮುಂದಿನ ಚಕ್ರ ಎಷ್ಟು ಮುಂದಕ್ಕೆ ಚಾಚಿರಬೇಕು. ಸೀಟಿನ ಕೋನ ಎಷ್ಟಿರಬೇಕು. ಇದನ್ನೆಲ್ಲ ಮೂರು ತಿಂಗಳಿಂದ ನನ್ನ ಫೀಲ್ಡ್ ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡಿದ್ದೆ. ಕೊರಟಗೆರೆ ತಾಲ್ಲೂಕು ಕಚೇರಿಯಲ್ಲಿ ನಾನು ಸರ್ವೆಯರ್. ಅಳತೆ, ಕೋನ ಅಂದರೆ ಊಟ ಬಿಟ್ಟು ಕೂರುವ ಜಾತಿ.

ಅಂಗಡಿಯವನಿಗೆ ಹೇಳದ ಉತ್ತರ ಬೇರೆ ಇತ್ತು. ನನ್ನ ಬಲ ಮಂಡಿ ಕೆಟ್ಟಿತ್ತು. ನಾನಿರುವುದು ಮಧುಗಿರಿಯಲ್ಲಿ, ಅಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಹತ್ತಿ ಕೆಡಿಸ್ಕೊಂಡಿರೋದಲ್ಲ ಕಣ್ರೀ ಇದು, ಇಳಿದು ಕೆಡಿಸ್ಕೊಂಡಿರೋದು. ಆ ಗುಡ್ಡದಿಂದ ಸೈಕಲ್ ತಳ್ಕೊಂಡು ನಡೀತಾ ಇಳಿಯೋದು ಯಾವ ಶಾಸ್ತ್ರ? ಕೂತ್ಕೊಂಡು ಇಳೀರಿ. ಇಲ್ಲಾಂದ್ರೆ ಗುಡ್ಡಕ್ಕೆ ಹೋಗೋದನ್ನೇ ಬಿಡಿ" ಎಂದಿದ್ದರು.

ಎರಡೂ ನನ್ನಿಂದಾಗದ ಕೆಲಸ. ಐದು ವರ್ಷಗಳಿಂದ ನಾನು ಸೈಕಲ್ ಮೇಲೆ ಕೂತು ಒಂದು ದಿಬ್ಬವನ್ನೂ ಇಳಿದಿಲ್ಲ. ಗುಡ್ಡಕ್ಕೆ ಹೋಗುವುದನ್ನಂತೂ ಬಿಡಲಾರೆ. ಪ್ರತಿ ಭಾನುವಾರ ಅದರ ನೆತ್ತಿಯಲ್ಲಿ ನಾನು ಒಬ್ಬ ಗೆಳೆಯನಿಗಾಗಿ ಕಾಯುತ್ತೇನೆ. ಅವನು ಸತ್ತು ಐದು ವರ್ಷವಾಯಿತು.

ಅವನು ಪಾವಗಡದವನು. ವಳ್ಳೂರಿನ ಕಡೆ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಅಲ್ಲಿ ಜಮೀನು ಅಳೆಯಲು ಹೋಗಿದ್ದಾಗ ಪರಿಚಯವಾಗಿದ್ದು. ನನಗಿಂತ ಹತ್ತು ಹನ್ನೆರಡು ಕೆ.ಜಿ. ಜಾಸ್ತಿ ತೂಗುವ ಆಳು, ಹೊಟ್ಟೆ ಬೇರೆ. ದಿನವಿಡೀ ಸಪಾಟು ನೆಲದಲ್ಲಿ ಪ್ಯಾನೆಲ್ಲುಗಳ ಸಾಲಿನ ನಡುವೆ ನಡೆದು ನಡೆದು ತಲೆ ಕೆಟ್ಟಿದೆ, ಒಂದು ಏರು ತೋರ್ಸು ಮಾರಾಯ ಎಂದು ನನ್ನ ಬೆನ್ನು ಬಿದ್ದ. ಮಧುಗಿರಿಯಿಂದ ಕೊರಟಗೆರೆಗೆ ಬರುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಒಂದು ಬೋಳು ಗುಡ್ಡವಿದೆ. ಒಂದು ಮಗ್ಗುಲಲ್ಲಿ ಹಳೆಯ ಗಾಡಿ ಜಾಡು, ಇನ್ನೊಂದು ಮಗ್ಗುಲಲ್ಲಿ ಕುರಿಗಳು ಇಳಿಯುವ ಕಲ್ಲುದಾರಿ. ಜಾಡಿನಲ್ಲಿ ಹತ್ತಿ ಕುರಿದಾರಿಯಲ್ಲಿ ಇಳಿಯುವುದು ನಮ್ಮ ಭಾನುವಾರದ ಕೆಲಸವಾಯಿತು.

ಸೈಕಲ್ ಆರಿಸುವಾಗ ನಮಗಿಬ್ಬರಿಗೂ ಆರು ತಿಂಗಳು ಜಗಳ. ನಾನು ಹಗುರವಾದದ್ದು, ಹಿಂದೆ ಶಾಕ್ ಇಲ್ಲದ್ದು ತೆಗೆದುಕೊಂಡೆ. ಹತ್ತುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಕೊಬ್ಬು ನನಗೆ. ಅವನು ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ, ನೂರೈವತ್ತು ಮಿಲಿಮೀಟರಿನ ದೊಡ್ಡ ಶಾಕಿನ ಗಾಡಿಯನ್ನು ಪ್ರೈವೇಟ್ ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ಬಂದ.

"ಎಮ್ಮೆ ತಂದಿದ್ದೀಯಲ್ಲೋ, ಇದನ್ನ ಮೇಲಕ್ಕೆ ಹತ್ಸೋರ್ಯಾರು?" ಎಂದೆ.

"ಹತ್ತಾಕೆ ಎರಡು ಕಾಲವೆ ಕಣ್ಲಾ ಸರ್ವೇರು. ಸೈಕ್ಲು ಬೇಕಾಗಿರಾದು ಇಳಿಯಾಕೆ" ಎಂದ. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ, ಸರ್ವೇರು ಅಂತಲೇ.

ಆ ಗಾಡಿಯ ಸೀಟಿನ ಕೆಳಗೆ, ಹಿಂದಿನ ಶಾಕಿನ ಪಕ್ಕ, ಕಿರುಬೆರಳಿನಷ್ಟು ಉದ್ದದ ಒಂದು ನೀಲಿ ಲಿವರ್ ಇತ್ತು. ಹತ್ತುವಾಗ ಅದನ್ನು ಮುಚ್ಚಿದರೆ ಶಾಕ್ ಬಿಗಿಯಾಗಿ, ತುಳಿದ ಶಕ್ತಿಯೆಲ್ಲ ಚಕ್ರಕ್ಕೆ ಹೋಗುತ್ತದೆ. ಮೇಲೆ ಹೋದ ಮೇಲೆ ತೆರೆಯಬೇಕು. ತೆರೆಯದೆ ಇಳಿದರೆ ಶಾಕ್ ಕಲ್ಲಾಗಿ ಕೂತಿರುತ್ತದೆ, ಮೊದಲನೇ ಬಂಡೆಗೇ ಸೈಕಲ್ ಸವಾರನನ್ನು ಎತ್ತಿ ಒಗೆಯುತ್ತದೆ. ತಂದ ಹೊಸದರಲ್ಲಿ ಒಂದು ಸಲ ಇವನು ಮರೆತು ಇಳಿದು, ಜಾಲಿ ಮುಳ್ಳಿನ ಪೊದೆಗೆ ಬಿದ್ದ. ಅಂಗಿಯಿಂದ ಮುಳ್ಳು ಕೀಳುತ್ತ ಕೂತಿದ್ದಾಗ ಹೇಳಿದ: "ನಂಗೆ ಮ್ಯಾಲೆ ಬರೋ ಹೊತ್ಗೆ ಏದುಸ್ರಲ್ಲಿ ತಲೆನೇ ಇರಕ್ಕಿಲ್ಲ. ಇನ್ಮ್ಯಾಲೆ ಬಾಗ್ಲು ತೆಗೆಯೋ ಕೆಲ್ಸ ನಿಂದು."

ಅಂದಿನಿಂದ ಅದು ರೂಢಿಯಾಯಿತು. ನಾನು ಮೊದಲು ನೆತ್ತಿ ಮುಟ್ಟಿ, ಅಲ್ಲಿದ್ದ ಚಪ್ಪಟೆ ಕಲ್ಲಿನ ಪಕ್ಕ ನಿಲ್ಲುತ್ತಿದ್ದೆ. ಅವನು ಉಸಿರು ಬಿಡುತ್ತ ಬಂದು ಪಕ್ಕದಲ್ಲಿ ಒಂದು ಕಾಲೂರುತ್ತಿದ್ದ. ನಾನು ಬಗ್ಗಿ ಲಿವರ್ ತಿರುಗಿಸಿ, "ತೆಗ್ದೆ" ಅನ್ನುತ್ತಿದ್ದೆ. ಅವನು ಕೆಳಕ್ಕೆ ನೋಡುತ್ತಲೂ ಇರಲಿಲ್ಲ, ಹೊರಟುಬಿಡುತ್ತಿದ್ದ.

ಇನ್ನೊಂದು ರೂಢಿ ಕೆಳಗೆ ಇಳಿದ ಮೇಲೆ. ಶಾಕಿನ ಹೊಳೆಯುವ ಕಡ್ಡಿಯ ಮೇಲೆ ಒಂದು ತೆಳುವಾದ ರಬ್ಬರ್ ಉಂಗುರ ಇರುತ್ತದೆ. ಶಾಕ್ ಕುಗ್ಗಿದಾಗ ಉಂಗುರವನ್ನು ತಳ್ಳಿಕೊಂಡು ಹೋಗುತ್ತದೆ. ಶಾಕ್ ವಾಪಸ್ಸು ಬಂದರೂ ಉಂಗುರ ಅಲ್ಲೇ ನಿಲ್ಲುತ್ತದೆ. ಅತಿ ದೊಡ್ಡ ಏಟು ಎಷ್ಟಿತ್ತೆಂದು ಅದು ನಿಂತ ಜಾಗವೇ ಹೇಳುತ್ತದೆ. ನನ್ನ ಸೈಕಲ್ಲಿನ ಮುಂದಿನ ಶಾಕಿಗೂ ಅಂಥದ್ದೊಂದು ಇತ್ತು. ಕೆಳಗೆ ಹುಣಸೆ ಮರದಡಿ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು, ನನ್ನ ಉಂಗುರವನ್ನು ಅವನು, ಅವನದನ್ನು ನಾನು ನೋಡಬೇಕು. ಯಾರ ಉಂಗುರ ಕಮ್ಮಿ ಹೋಗಿದೆಯೋ ಅವನು ಹೆದರಿ ಬ್ರೇಕ್ ಹಿಡಿದಿದ್ದಾನೆ ಎಂದು ಲೆಕ್ಕ, ಅವತ್ತಿನ ಟೀ ಅವನದು. ನೋಡಿದವನೇ ಅದನ್ನು ಮೇಲಕ್ಕೆ ತಳ್ಳಿ ಮುಂದಿನ ಸಲಕ್ಕೆ ಸಿದ್ಧ ಮಾಡಬೇಕು. ತನ್ನದನ್ನು ತಾನು ಮುಟ್ಟುವ ಹಾಗಿಲ್ಲ. ಎಷ್ಟು ವರ್ಷ ನಾನೇ ಟೀ ಕುಡಿಸಿದೆನೋ, ಆ ಹೋಟೆಲಿನವರಿಗೇ ಗೊತ್ತು.

ಆ ಭಾನುವಾರ ನಾನು ನೆತ್ತಿಯಲ್ಲಿ ನಿಂತಿದ್ದಾಗ ಫೋನ್ ಬಂತು. ಶಿರಾ ತಾಲ್ಲೂಕಿನ ಗೌಡಗೆರೆಯ ರೈತ. ನಾನು ಅಲ್ಲಿ ಕೆಲಸದಲ್ಲಿದ್ದಾಗ ಅವನ ಕಡಲೆಕಾಯಿ ಹೊಲದ ಗಡಿ ಅಳೆದು ಹದ್ದುಬಸ್ತು ಮಾಡಿಕೊಟ್ಟಿದ್ದೆ. "ಸಾ, ಪಕ್ಕದೋನು ಬಾಂದು ಕಲ್ಲು ಕಿತ್ತು ಈಚೆಗೆ ನೆಟ್ಟವ್ನೆ ಸಾ" ಎಂದು ಗೋಳು. ಬಾಂದು ಕಲ್ಲು ಅಂದರೆ ಗಡಿ ತೋರಿಸುವ ಕಲ್ಲು; ಅದನ್ನು ಸರಿಸಿದರೆ ಊರಲ್ಲಿ ಹೊಡೆದಾಟವೇ ಆಗುತ್ತದೆ. ನನಗೆ ಅವನ ಮೇಲೂ ರೇಗಿತು. "ಕಲ್ಲು ಕಿತ್ರೆ ಕೀಳ್ಲಿ ಕಣಯ್ಯ, ಕಲ್ಲು ಇದ್ದ ಗುಣಿ ಎಲ್ಲಿ ಹೋಗುತ್ತೆ? ಅಗೆದು ನೋಡು, ಮಣ್ಣಿನ ಬಣ್ಣನೇ ಬೇರೆ ಇರುತ್ತೆ" ಎಂದು ಕೂಗಾಡುತ್ತಿದ್ದೆ. ಅಷ್ಟರಲ್ಲಿ ಗೆಳೆಯ ಬಂದ. ಕಾಲೂರಿದ. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಅವನು ನನ್ನ ಬೆನ್ನಿಗೊಂದು ಗುದ್ದಿ ಹೊರಟ.

ಫೋನನ್ನು ಹಾಗೆ ಸಿಕ್ಕಿಸಿಕೊಂಡದ್ದು ನೆನಪಿದೆ. ಎರಡೂ ಕೈ ಖಾಲಿಯಾದದ್ದು ನೆನಪಿದೆ. ಅವನ ಗುದ್ದು ನೆನಪಿದೆ. ನಡುವೆ ನಾನು ಬಗ್ಗಿದೆನೇ, ಲಿವರ್ ತಿರುಗಿಸಿದೆನೇ ಅನ್ನುವುದು ಮಾತ್ರ ನೆನಪಿಲ್ಲ. ಐದು ವರ್ಷ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ನೆನಪು ಮಾಡಿಕೊಂಡಿದ್ದೇನೆ. ಅಲ್ಲೊಂದು ತೂತು ಬಿದ್ದಿದೆ, ಅಷ್ಟೇ.

ನಾಲ್ಕನೇ ತಿರುವಿನಲ್ಲಿ ಮೊಳದೆತ್ತರದ ಬಂಡೆಯೊಂದಿದೆ. ಅದನ್ನು ಅವನು ನೂರು ಸಲ ಹಾರಿದ್ದ. ಮೊದಲು ಲೋಹ ಕಲ್ಲಿಗೆ ಬಡಿದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ನಾನು ಇಳಿದು ಹೋಗುವಷ್ಟರಲ್ಲಿ ಅವನು ಅಂಗಾತ ಬಿದ್ದಿದ್ದ; ಹೆಲ್ಮೆಟ್ಟು ತಲೆ ಮೇಲೇ ಇತ್ತು, ಕತ್ತು ಇರಬಾರದ ಕಡೆಗೆ ತಿರುಗಿತ್ತು. ಸೈಕಲ್ ಆಚೆ ಬಿದ್ದು ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಕುರಿ ಕಾಯುವ ಮುದುಕ ಮೇಲಿನಿಂದ ಕೂಗುತ್ತ ಓಡಿ ಬರುತ್ತಿದ್ದ. ಅವನು ಬರುವ ಮೊದಲು ನಾನು ಮಾಡಿದ ಕೆಲಸ ಏನು ಗೊತ್ತೆ? ಗೆಳೆಯನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಳ್ಳಲಿಲ್ಲ. ಸೈಕಲ್ಲಿನ ಹತ್ತಿರ ಹೋಗಿ ಆ ನೀಲಿ ಲಿವರನ್ನು ತೆರೆದ ಕಡೆಗೆ ಒತ್ತಿದೆ. ಅದು ಮುಚ್ಚಿತ್ತೋ, ತೆರೆದೇ ಇತ್ತೋ, ಬೆರಳಿಗೆ ತಿಳಿಯಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎಂದು ಎಷ್ಟು ಸಲ ಉಗಿದುಕೊಂಡಿದ್ದೇನೋ.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವನು ಹೋದ. ಹಣೆಬರಹ ಎಂದರು ಎಲ್ಲರೂ. ಹನ್ನೊಂದನೇ ದಿನದ ತಿಥಿಗೆ ಪಾವಗಡಕ್ಕೆ ಹೋಗಿ, ಅವನ ಹೆಂಡತಿಯ ಮುಖ ನೋಡದೆ ಉಂಡು ಬಂದೆ. ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ. ಪಾವಗಡದ ಕಡೆ ಕೆಲಸ ಬಿದ್ದರೆ ಹುಷಾರಿಲ್ಲ ಅನ್ನುತ್ತಿದ್ದೆ. ಅವಳು ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ.

ಆದರೆ ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ. ಹೋಗದಿದ್ದರೆ ಅವನು ಅಲ್ಲಿ ಒಬ್ಬನೇ ನಿಂತಿರುತ್ತಾನೆ ಅನ್ನಿಸುತ್ತಿತ್ತು, ನಿಜವಾಗಿಯೂ ಅನ್ನಿಸುತ್ತಿತ್ತು. ಹತ್ತುವಾಗ ಕೊನೆಯ ಏರಿನಲ್ಲಿ ಬೆನ್ನ ಹಿಂದೆ ಅವನ ಉಸಿರು ಕೇಳುತ್ತದೆ. ತಿರುಗಿ ನೋಡುವುದಿಲ್ಲ, ನೋಡಿದರೆ ನಿಂತುಹೋಗುತ್ತದೆ. ಚಪ್ಪಟೆ ಕಲ್ಲಿನ ಪಕ್ಕ ನಿಂತು, ಅವನಿಗೆ ಬೇಕಾಗುವಷ್ಟು ಹೊತ್ತು ಕಾಯುತ್ತೇನೆ. ಜಲ್ಲಿಯ ಮೇಲೆ ಟೈರು ಉಜ್ಜಿದ ಸದ್ದಾಗುತ್ತದೆ. ಬಗ್ಗಿ, ಖಾಲಿ ಗಾಳಿಯಲ್ಲಿ ಎರಡು ಬೆರಳು ತಿರುಗಿಸಿ, "ತೆಗ್ದೆ" ಅನ್ನುತ್ತೇನೆ. ಅದಾದ ಮೇಲೆ ಸೈಕಲ್ ತಳ್ಳಿಕೊಂಡು ನಡೆದು ಇಳಿಯುತ್ತೇನೆ.

ಕುರಿ ಮುದುಕ ಒಂದು ಸಲ ನೋಡಿಬಿಟ್ಟ. ಹುಚ್ಚು ಹಿಡಿದಿದೆ ಅಂದುಕೊಂಡಾನು ಎಂದು ನಾಚಿಕೆಯಾಯಿತು. ಅವನು ಕೋಲಿಗೆ ಗದ್ದವೂರಿ, "ಬಂದ್ರಾ ಸಾಮಿ ಅವ್ರು?" ಎಂದು ಕೇಳಿದ, ಬಸ್ಸು ಬಂತಾ ಅಂತ ಕೇಳುವ ದನಿಯಲ್ಲಿ. ಅಲ್ಲಿಂದ ಮುಂದೆ ಆ ಚಪ್ಪಟೆ ಕಲ್ಲಿನ ಮೇಲೆ ಅವನೂ ಕೂರುವುದನ್ನು ಬಿಟ್ಟ.

ಹೀಗಿರುವಾಗ ಮಂಡಿ ಕೆಟ್ಟು, ನಾನು ಬೆಂಗಳೂರಿನ ಅಂಗಡಿಯಲ್ಲಿ ನಿಂತಿದ್ದು. ಅಂಗಡಿಯವನು ನೂರನಲವತ್ತು ಮಿಲಿಮೀಟರಿನ ಒಂದನ್ನು ಎಳೆದು ತಂದು, "ಎರಡಕ್ಕೂ ಆಗೋದು ಇದು ಸಾರ್. ಹತ್ತುವಾಗ ನಿಮಗೆ ಬೇಜಾರಾಗಲ್ಲ, ಇಳಿಯೋವಾಗ ನಿಮ್ಮನ್ನ ಕಾಪಾಡುತ್ತೆ" ಎಂದ. ಶಾಕಿನೊಳಗೆ ಇರುವುದು ಬರೀ ಗಾಳಿ, ಕೂರುವವನ ತೂಕಕ್ಕೆ ತಕ್ಕಂತೆ ಅದಕ್ಕೆಂದೇ ಇರುವ ಕೈಪಂಪಿನಲ್ಲಿ ತುಂಬಬೇಕು, ಒಬ್ಬನ ಮೈತೂಕದ ಗಾಳಿ ಇನ್ನೊಬ್ಬನಿಗೆ ಆಗದು ಎಂದು ವಿವರಿಸಿದ. ಗೊತ್ತಿದ್ದದ್ದೇ. ಆಮೇಲೆ ಬಗ್ಗಿ ರಬ್ಬರ್ ಉಂಗುರವನ್ನು ಉಗುರಿನಿಂದ ಮುಟ್ಟಿ ತೋರಿಸಿದ.

"ಇದನ್ನ ಯಾರೂ ಮುಟ್ಟದಿದ್ರೆ ಇದು ಸುಳ್ಳು ಹೇಳಲ್ಲ ಸಾರ್. ಲಾಕ್ ಆಗಿದ್ರೆ ಇಷ್ಟೇ ಹೋಗಿರುತ್ತೆ, ಒಂದು ಬೆರಳಿನ ಅಗಲ. ಓಪನ್ ಇದ್ದು ದೊಡ್ಡ ಏಟು ಬಿದ್ರೆ ಇಲ್ಲಿಗೆ, ಕೊನೇಗೆ."

ಇದೂ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು! ಲಿವರನ್ನು ನಾನು ಒತ್ತಿದ್ದೆ, ಉಂಗುರವನ್ನು ಮುಟ್ಟಿರಲಿಲ್ಲ. ಊರವರ ಹೊಲದಲ್ಲಿ ಕಲ್ಲಿನ ಗುಣಿ ಅಗೆದು ಸತ್ಯ ಹೇಳುವ ಸರ್ವೆಯರ್ ಪಾವಗಡದ ಒಂದು ಮನೆಗೆ ಹೋಗಿ ಒಂದು ರಬ್ಬರ್ ಉಂಗುರ ನೋಡಲು ಐದು ವರ್ಷ ಹೆದರಿದ್ದ. "ಯೋಚನೆ ಮಾಡಿ ಬರ್ತೀನಿ" ಎಂದು ಹೇಳಿ ಅಂಗಡಿಯಿಂದ ಹೊರಗೆ ಬಂದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೂತು, ನಮ್ಮ ಕಡೆಯ ಸೈಕಲ್ಲಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದೆ: ಹತ್ತೋದಕ್ಕೂ ಇಳಿಯೋದಕ್ಕೂ ಆಗುವ ಫುಲ್ ಸಸ್ಪೆನ್ಷನ್ ಸೈಕಲ್ ಬೇಕು, ಬಳಸಿದ್ದಾದರೂ ಪರವಾಗಿಲ್ಲ. ಕೊರಟಗೆರೆ ಇನ್ನೂ ಬಂದಿರಲಿಲ್ಲ, ಉತ್ತರ ಬಂತು. ಅವನ ನಂಬರಿನಿಂದ. ಅವನ ಫೋಟೋ, ಹೆಲ್ಮೆಟ್ಟು ಹಾಕಿಕೊಂಡು ಹಲ್ಲು ಬಿಟ್ಟಿರುವುದು. ಅದರ ಪಕ್ಕ: "ಹೊಸ್ದು ಯಾಕೆ? ಮನೇಲಿ ಐತಲ್ಲ."

ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕಣ್ಣ, ನೀರು ಕುಡೀತೀರಾ?" ಎಂದು ಬಾಟಲಿ ಕೊಟ್ಟಳು. ಎರಡನೇ ಸಾಲು ಬಂದಾಗ ಉಸಿರು ಬಂತು: "ನಾನು ಅಣ್ಣ, ಅವ್ರ ಮನೆಯವ್ಳು. ಬಂದು ತಗೊಂಡೋಗಿ." ಗಂಡನ ನಂಬರನ್ನು ಅವಳು ಇಟ್ಟುಕೊಂಡಿದ್ದಳು. ಐದು ವರ್ಷ ನಮ್ಮ ಗುಂಪಿನ ಹರಟೆಯನ್ನೆಲ್ಲ ಸುಮ್ಮನೆ ಓದುತ್ತಿದ್ದಳು.

ಮರು ಶನಿವಾರ ಮಧ್ಯಾಹ್ನ ಪಾವಗಡದಲ್ಲಿ ಬಸ್ಸಿಳಿದೆ. ಬಸ್ ಸ್ಟ್ಯಾಂಡಿನಿಂದ ಆ ಮನೆಗೆ ಐದು ನಿಮಿಷದ ದಾರಿ. ನಾನು ಎರಡು ಸಲ ಮನೆಯ ಮುಂದೆಯೇ ಹಾದು ಮುಂದಕ್ಕೆ ಹೋದೆ. ಮೂರನೇ ಸಲ ಒಳಗಿನಿಂದ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಅವಳೇ ಬಾಗಿಲಿಗೆ ಬಂದಳು. ಬ್ಲೌಸ್ ಹೊಲಿದು ಜೀವನ ಮಾಡುತ್ತಿದ್ದಳು; ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಬನ್ನಿ ಅಣ್ಣ. ದಾರಿ ಮರ್ತೋಯ್ತೇನೋ ಅಂದ್ಕಂಡಿದ್ದೆ."

ನಾನು ಏನೋ ಗೊಣಗಿದೆ. ಹಿಂದಿನ ಕೋಣೆಯಲ್ಲಿ, ಗೋಣಿಚೀಲದ ಮೇಲೆ ಸೈಕಲ್ ತಲೆಕೆಳಗಾಗಿ ನಿಂತಿತ್ತು, ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸುತ್ತಾರಲ್ಲ, ಸೀಟೂ ಹ್ಯಾಂಡಲ್ಲೂ ನೆಲಕ್ಕೂರಿ, ಚಕ್ರ ಮೇಲಕ್ಕೆ. ಅದರ ಮೇಲೆ ಅವಳದೊಂದು ಹಳೆಯ ಸೀರೆ. ಅವಳು ಸೀರೆ ಎಳೆದಳು. ಚಕ್ರಕ್ಕೆ ಕುಂಕುಮ, ಒಣಗಿದ ಚೆಂಡು ಹೂವು. ಎಲ್ಲ ಥಳಥಳ.

"ಪ್ರತಿ ಆಯುಧಪೂಜೆಗೂ ಒರ್ಸಿ ಪೂಜೆ ಮಾಡ್ತೀನಿ."

ಒರೆಸಿದ್ದಾಳೆ! ಐದು ಆಯುಧಪೂಜೆ, ಐದು ಸಲ ಬಟ್ಟೆ! ಕಲ್ಲೂ ಇಲ್ಲ, ಗುಣಿಯೂ ಇಲ್ಲ. "ಶಾಕೂ ಒರ್ಸಿದ್ದೀಯೇನಮ್ಮ?" ಎಂದು ಕೇಳಿದೆ.

"ಅಯ್ಯೋ ದೇವುಡಾ, ಅದನ್ನ ಹೆಂಗೆ ಮುಟ್ತೀನಣ್ಣ? ಆ ರಬ್ಬರ್ ಉಂಗ್ರ ಸರ್ವೇರು ನೋಡೋಗಂಟ ಯಾರೂ ತಳ್ಳಂಗಿಲ್ಲ ಅಂತ ಅವ್ರು ಕಟ್ಟುನಿಟ್ಟು ಮಾಡ್ತಿದ್ರಲ್ಲ. ನೀವು ನೋಡ್ನೇ ಇಲ್ಲವಲ್ಲ ಅವತ್ತು. ಅದಕ್ಕೇ ಅಂಗೇ ಬುಟ್ಟಿದೀನಿ. ನೋಡಿ ನೀವೇ, ಅದೊಂದು ಕಡೆ ಧೂಳು."

ನಾನು ಕುಕ್ಕರುಗಾಲಿನಲ್ಲಿ ಕೂತೆ. ಮಂಡಿ ಕಿರುಗುಟ್ಟಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಇನ್ನೂ ಸ್ವಲ್ಪ ಹೊತ್ತು ನೋಡದೆ ಇರಬಹುದಲ್ಲ ಅಂತಲೂ ಅನ್ನಿಸಿತು. ಆಮೇಲೆ ನೋಡಿದೆ.

ಕಡ್ಡಿಯ ಉದ್ದಕ್ಕೂ ಐದು ವರ್ಷದ ಧೂಳು ಎಣ್ಣೆಗೆ ಅಂಟಿ ಗಟ್ಟಿಯಾಗಿತ್ತು. ಉಂಗುರ ಕೊನೆಯಲ್ಲಿತ್ತು. ಕಟ್ಟಕಡೆಗೆ, ಲೋಹಕ್ಕೆ ತಾಗಿಕೊಂಡು. ಅದರಾಚೆ ಒಂದು ಕೂದಲು ತೂರಿಸುವಷ್ಟೂ ಜಾಗವಿರಲಿಲ್ಲ. ಶಾಕ್ ಪೂರ್ತಿ ತೆರೆದಿತ್ತು. ಅವನು ಬಂಡೆಯಿಂದ ಹಾರಿದ್ದ, ಶಾಕ್ ತನ್ನ ಕೈಲಾದದ್ದನ್ನೆಲ್ಲ ಮಾಡಿತ್ತು, ಅದಕ್ಕೂ ಮೀರಿ ಏಟು ಬಿದ್ದಿತ್ತು. ಲಿವರನ್ನು ನಾನೇ ತೆರೆದೆನೋ, ನಾನು ಫೋನಿನಲ್ಲಿದ್ದದ್ದನ್ನು ಕಂಡು ಅವನೇ ಬಗ್ಗಿ ತೆರೆದುಕೊಂಡನೋ, ಅದು ಉಂಗುರಕ್ಕೆ ಗೊತ್ತಿಲ್ಲ. ನನಗೂ ಎಂದೂ ಗೊತ್ತಾಗುವುದಿಲ್ಲ.

ಅಳು ಬಂತು. ಗಂಡಸು, ಸರ್ಕಾರಿ ನೌಕರ ಅನ್ನುವುದನ್ನೆಲ್ಲ ಬಿಟ್ಟು, ತಲೆಕೆಳಗಾದ ಸೈಕಲ್ಲಿನ ಚಕ್ರ ಹಿಡಿದುಕೊಂಡು ಅತ್ತೆ. ಅವಳು ಗಾಬರಿಯಾಗಿ ಏನು ಏನು ಎಂದಳು. ಎಲ್ಲ ಹೇಳಿದೆ. ಫೋನು, ತೂತು ಬಿದ್ದ ನೆನಪು, ಮುದುಕ ಬರುವ ಮೊದಲು ಲಿವರ್ ಒತ್ತಿದ್ದು, ಒಂದನ್ನೂ ಬಿಡಲಿಲ್ಲ.

ಅವಳು ಕತ್ತಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಇದಕ್ಕಾ ಬರ್ನಿಲ್ಲ ನೀವು?"

"ಹೂಂ ಕಣಮ್ಮ."

"ಇಷ್ಟಕ್ಕಾ?" ಅವಳ ದನಿ ಏರಿತು. "ನಾನು ಏನಂದ್ಕಂಡಿದ್ದೆ ಗೊತ್ತಾ ಅಣ್ಣ? ತಿಥಿ ದಿನ ನಿಮ್ಮನ್ನ ಸರಿಯಾಗಿ ಮಾತಾಡಿಸ್ನಿಲ್ಲ, ಅದಕ್ಕೆ ಬ್ಯಾಸ್ರ ಮಾಡ್ಕಂಡವ್ರೆ ಅಂತ. ಫೋನ್ ಮಾಡಿದ್ರೆ ಎತ್ತಲ್ಲ. ಅವ್ರ ಬಗ್ಗೆ ಮಾತಾಡಾಕೆ ನಂಗೆ ಇದ್ದೋರು ನೀವೊಬ್ರು. ಮನೆಯೋರ ಹತ್ರ ಮಾತೆತ್ತಿದ್ರೆ ಅಳಬ್ಯಾಡ ಸುಮ್ಕಿರು ಅಂತಾರೆ. ಆ ಗುಡ್ಡ ಹೆಂಗೈತೆ, ಅವ್ರು ಅಲ್ಲಿ ಹೆಂಗಿರ್ತಿದ್ರು, ಏನ್ ಹೇಳ್ತಿದ್ರು, ನಂಗೆ ಯಾರು ಹೇಳ್ಬೇಕು? ಐದು ವರ್ಷ ಅಣ್ಣ! ಐದು ವರ್ಷ ಆ ಫೋನ್ ಹಿಡ್ಕಂಡು ನಿಮ್ಮ ಮೆಸೇಜ್ ಓದ್ಕಂಡು ಕೂತಿದೀನಿ!"

ಗೆಳೆಯನನ್ನು ನಾನು ಕೊಂದಿರಲಿಲ್ಲ. ಮಾಡಿದ ತಪ್ಪು ಇದು, ಈ ಕೋಣೆಯಲ್ಲಿ ಎದುರಿಗೇ ನಿಂತಿತ್ತು, ಇದನ್ನು ಅಳೆಯುವುದಕ್ಕೆ ಯಾವ ಉಂಗುರವೂ ಬೇಕಿರಲಿಲ್ಲ. "ತಪ್ಪಾಯ್ತು ಕಣಮ್ಮ" ಎಂದೆ. ಅಷ್ಟೇ ಹೊರಟದ್ದು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ರು ಗೆದ್ರಾ?" ಎಂದು ಕೇಳಿದಳು.

"ಗೆದ್ದ. ಪೂರ್ತಿ ಕೊನೇವರ್ಗೂ ಹೋಗಿದೆ. ನಾನು ಅವತ್ತು ನಡ್ಕೊಂಡೇ ಇಳಿದಿದ್ದು."

"ಹಂಗಾದ್ರೆ ಟೀ ನಿಮ್ದೇ. ಒಳಗೆ ಹಾಲೈತೆ, ಹೋಗಿ ಮಾಡಿ."

ಮಾಡಿದೆ. ಸಕ್ಕರೆ ಜಾಸ್ತಿಯಾಯಿತು. "ಪರ್ವಾಲೇದು" ಎನ್ನುತ್ತ ಅವಳು ಕುಡಿದಳು. ಕುರಿ ಮುದುಕನ ಮಾತು, ಮುಳ್ಳಿನ ಪೊದೆಯ ಕಥೆ, ಚಪ್ಪಟೆ ಕಲ್ಲು ಎಲ್ಲವನ್ನೂ ಹೇಳಿಸಿಕೊಂಡಳು. ಪೊದೆಯ ಕಥೆಯನ್ನು ಎರಡು ಸಲ. ನಾನು ಬೆರಳಿನಿಂದ ಉಂಗುರವನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದೆ. ಧೂಳಿನ ಮೇಲೆ ಅದು ಬಂದ ಜಾಡು ಉಳಿಯಿತು.

ಇಬ್ಬರೂ ಸೇರಿ ಸೈಕಲ್ಲನ್ನು ನೆಟ್ಟಗೆ ಮಾಡಿದೆವು. ಟೈರುಗಳು ಸತ್ತಿದ್ದವು. ಗೋಡೆ ಹಿಡಿದು ಹತ್ತಿ ಕೂತೆ. ನನ್ನ ಲೆಕ್ಕವೆಲ್ಲ ಫೀಲ್ಡ್ ಬುಕ್ಕಿನಲ್ಲೇ ಉಳಿಯಿತು. ಕೂತ ಕೂಡಲೇ ಆಯ್ಕೆ ಮುಗಿದಿತ್ತು. ಹತ್ತಲು ಭಾರ, ಇರಲಿ. ಆದರೆ ಹಿಂದಿನ ಶಾಕ್ ನನ್ನ ತೂಕಕ್ಕೆ ಕುಗ್ಗಲೇ ಇಲ್ಲ. ಇಷ್ಟು ವರ್ಷದಲ್ಲಿ ಒಂದಿಷ್ಟು ಸೋರಿರಬೇಕು, ಆದರೂ ಅದು ದಪ್ಪ ಆಳಿಗೆ ತುಂಬಿದ ಗಾಳಿ.

"ನಾಳೆ ಇಳೀತೀರಾ?" ಎಂದಳು.

"ಟೈರು ಹಾಕ್ಸಿದ ಮೇಲೆ, ಬರೋ ವಾರ. ಇಳೀತೀನಿ."

"ಇಳಿದ್ಮ್ಯಾಲೆ ಇಲ್ಲಿಗೆ ತಂದು ತೋರ್ಸಿ. ನಾನು ನೋಡೋಗಂಟ ಉಂಗ್ರ ತಳ್ಳಂಗಿಲ್ಲ."

"ಆಯ್ತು ಕಣಮ್ಮ."

ಕೆಳಗಿಳಿದು, ಶಾಕಿನ ವಾಲ್ವಿನ ಮುಚ್ಚಳ ಬಿಚ್ಚಿ, ಅವಳ ಸೂಜಿ ಡಬ್ಬಿಯಿಂದ ಒಂದು ಪಿನ್ನು ತೆಗೆದುಕೊಂಡು ಒತ್ತಿದೆ. ಸ್ಸ್ ಎಂದು ಸದ್ದಾಯಿತು. ಹಳೆಯ ಎಣ್ಣೆಯ ವಾಸನೆ ಬಂತು.

"ಏನಣ್ಣ ಅದು?"

"ಗಾಳಿ. ಅವನು ಹೊಡೆದಿದ್ದು. ನನಗೆ ಜಾಸ್ತಿ ಆಗುತ್ತೆ, ಸ್ವಲ್ಪ ತೆಗೀಬೇಕು."

ಅವಳು ಲೋಟ ಕೆಳಗಿಟ್ಟು ಬಂದು ನನ್ನ ಪಕ್ಕ ಕೂತಳು. "ಶನಿವಾರ ಸಾಯಂಕಾಲ ಆ ಪುಟ್ಟ ಪಂಪು ಹಿಡ್ಕಂಡು ಇಲ್ಲೇ ಕೂತಿರೋರು" ಎಂದಳು. ಗಾಳಿ ಬರುತ್ತಲೇ ಇತ್ತು. ಅವಳು ನನ್ನ ಮಣಿಕಟ್ಟು ಹಿಡಿದಳು.

"ಎಲ್ಲಾ ಬುಡಬ್ಯಾಡಿ ಅಣ್ಣ."

ನಾನು ಪಿನ್ನು ತೆಗೆದೆ. ಮುಚ್ಚಳವನ್ನು ಅವಳೇ ತಿರುಗಿಸಿ ಭದ್ರ ಮಾಡಿದಳು.